ಎದೆಯುರಿಯ ಪರೀಕ್ಷೆ

ಗುಳಿಗೆರಾಯರ ತಾಪತ್ರಯಕ್ಕೆಲ್ಲ ಮೂಲ ಅವರ ನಗು.

ತಮ್ಮೂರಿನಲ್ಲಿ ಅವರದು ಚೆನ್ನಾಗಿ ನಡೆಯುತ್ತಿದ್ದ ಔಷಧಿ ಅಂಗಡಿ. ಭಾವಮೈದುನನ ಮಾತು ಕೇಳಿ ಅದನ್ನು ಮಾರಿ ಪರದೇಶಕ್ಕೆ ಬಂದರು. ಇಲ್ಲಿ ಅವರ ಪದವಿ ಗೋಡೆಗೆ ಮೊಳೆ ಹೊಡೆದು ನೇತುಹಾಕಲಷ್ಟೇ ಆಯಿತು. ಈ ದೇಶದ ಪರೀಕ್ಷೆ ಪಾಸಾಗುವವರೆಗೆ ಯಾರದೋ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಡಬ್ಬ ಹೊರುವ ಕೆಲಸ.

ಬರೆಯುವ ಪರೀಕ್ಷೆಗಳು ನೀರು ಕುಡಿದಂತೆ ಮುಗಿದವು. ಕೊನೆಯದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮಾತ್ರೆ. ಅಲ್ಲಿ ಒಬ್ಬ ನಟ ರೋಗಿಯ ವೇಷದಲ್ಲಿ ಕೌಂಟರಿನ ಮುಂದೆ ಕೂತು ನರಳುತ್ತಾನೆ. ಅವನನ್ನು ವಿಚಾರಿಸಿ ಔಷಧಿ ಹೇಳಬೇಕು. ಗಾಜಿನ ಹಿಂದೆ ಕೂತ ಪರೀಕ್ಷಕಿ ಅಂಕ ಹಾಕುತ್ತಾಳೆ. ರಾಯರು ಎರಡು ಸಲವೂ ರೋಗಿಯ ಮುಖ ನೋಡಿ ಕಿಸಕ್ಕನೆ ನಕ್ಕು ಫೇಲಾಗಿದ್ದರು. ಇವತ್ತಿನದೇ ಕೊನೆಯ ಅವಕಾಶ.

"ನಮ್ಮಂಗಡಿಗೆ ಯಾರೂ ಸುಳ್ಳು ಕಾಯಿಲೆ ಹೊತ್ಕೊಂಡು ಬರ್ತಿರಲಿಲ್ಲ ಕಣೇ," ಎಂದು ಬೆಳಿಗ್ಗೆ ಷೂ ಕಟ್ಟುತ್ತ ನಿಟ್ಟುಸಿರಿಟ್ಟರು.

"ಮಾರಿದ ಅಂಗಡಿ ಮಾತು ಈಗ್ಯಾಕ್ರೀ? ನಗ್ಬೇಡಿ, ಅಷ್ಟು ಸಾಕು," ಎಂದಳು ಹೆಂಡತಿ.

ನಗು ಬಿಡಿಸಲು ಅಕ್ಕಪಕ್ಕದ ಮನೆಯವರೆಲ್ಲ ವಾರದಿಂದ ಸರದಿಯ ಮೇಲೆ ಬಂದು ನರಳಿ ಹೋಗುತ್ತಿದ್ದರು. ಇವತ್ತೂ ರಾಯರು ಹೊರಡಲು ಬಾಗಿಲು ತೆಗೆದರೆ ಮೇಲ್ಮನೆಯ ದೊಡ್ಡಮ್ಮ ಮೆಟ್ಟಿಲ ಮೇಲೆ ಕೂತು, "ಅಯ್ಯಯ್ಯೋ ಮೊಣಕಾಲು!" ಎಂದು ಕೂಗುತ್ತಿದ್ದರು.

ರಾಯರು ಚಪ್ಪಾಳೆ ತಟ್ಟಿದರು. "ಭೇಷ್ ದೊಡ್ಡಮ್ಮ! ನಿನ್ನೆಗಿಂತ ಎಷ್ಟೋ ವಾಸಿ!"

"ನಿನ್ನ ತಲೆ! ಜಾರಿ ಬಿದ್ದಿದೀನಿ ಕಣೋ, ಎಬ್ಬಿಸೋ!"

ಕೆಳಮನೆಯ ಮೇಷ್ಟ್ರು ಓಡಿಬಂದರು. ಇಬ್ಬರೂ ಸೇರಿ ದೊಡ್ಡಮ್ಮನನ್ನು ಮೇಲಕ್ಕೆ ಸಾಗಿಸಿ, ಕಾಲಿಗೆ ಐಸ್ ಇಟ್ಟು ಕಟ್ಟುವಷ್ಟರಲ್ಲಿ ಬಸ್ಸು ಹೋಗಿತ್ತು.

"ರಾಯರೇ, ಇವತ್ತು ಯಾರೇ ನರಳಲಿ, ನಿಜ ಅಂತಲೇ ತಿಳ್ಕೊಳ್ಳಿ," ಎಂದು ಮೇಷ್ಟ್ರು ಬೆನ್ನು ತಟ್ಟಿ ಓಡಿಸಿದರು.

ಪರೀಕ್ಷೆಯ ಕೋಣೆಯಲ್ಲಿ ಕೂತಿದ್ದ ನಟ ದಪ್ಪ ಮೀಸೆಯ ಆಸಾಮಿ. ಅವನಿಗೆ ಕೊಟ್ಟಿದ್ದ ಪಾತ್ರ ಬರೀ ಎದೆಯುರಿ. ಆದರೆ ಪಾಪ, ಎಷ್ಟೋ ವರ್ಷದಿಂದ ರಂಗದ ಮೇಲೆ ಒಂದು ಒಳ್ಳೆಯ ಪಾತ್ರ ಕಾಣದವನು. ಎದೆ ಹಿಡಿದ, ಕಣ್ಣು ಮೇಲಕ್ಕೆ ಹಾಕಿದ, ಗೋಣಿಚೀಲದ ಹಾಗೆ ಕುರ್ಚಿಯಿಂದ ಜಾರಿದ.

ರಾಯರಿಗೆ ನಗು ಗಂಟಲವರೆಗೆ ಬಂತು. ದೊಡ್ಡಮ್ಮನ ಮೊಣಕಾಲು ನೆನಪಾಗಿ ಅಲ್ಲೇ ಇಂಗಿತು.

"ಎಷ್ಟು ಹೊತ್ತಿಂದ ನೋವು?"

"ಆಗ್ತಿಲ್ಲ ಸ್ವಾಮೀ... ಹೋಗ್ತೀನಿ..."

ರಾಯರು ಕೌಂಟರ್ ಹಾರಿದರು. ಅವನ ಕಾಲರ್ ಸಡಿಲಿಸಿ, ನೆಲದ ಮೇಲೆ ಮಲಗಿಸಿ, ನಡುಗುವ ಕೈಯಲ್ಲೇ ಫೋನು ಒತ್ತಿ ಆಂಬುಲೆನ್ಸ್ ಕರೆದರು. ಪರೀಕ್ಷಕಿ ಗಾಜು ಬಡಿಯತೊಡಗಿದಳು.

"ಹೆದರ್ಬೇಡಿ ಮೇಡಂ, ನಾನಿದೀನಿ!" ಎಂದು ಕೂಗಿ ರಾಯರು ರೋಗಿಯ ಜೊತೆಗೇ ಗಾಡಿ ಹತ್ತಿದರು.

ಆಸ್ಪತ್ರೆಯ ಡಾಕ್ಟರು ಎಲ್ಲ ಪರೀಕ್ಷಿಸಿ, "ಇವರದು ಕುದುರೆಯಂಥ ಹೃದಯ," ಎಂದರು. ನಟ ಎದ್ದು ಕೂತು ಮೀಸೆ ಸರಿಮಾಡಿಕೊಂಡ.

"ದಾರೀಲಾದ್ರೂ ಬಾಯಿ ಬಿಡ್ಬಾರ್ದಿತ್ತೇನ್ರೀ?" ಎಂದರು ರಾಯರು.

"ಗಂಟೆ ಹೊಡೆಯೋವರೆಗೆ ಪಾತ್ರ ಬಿಡೋ ಹಾಗಿಲ್ಲ ಅಂತ ನಿಯಮ ಇದೆ. ಗಾಡೀಲಿ ಗಂಟೆ ಯಾರು ಹೊಡೆದ್ರು?" ಅಂದವನು ರಾಯರ ಕೈ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. "ಇಷ್ಟು ವರ್ಷದಲ್ಲಿ ನನ್ನ ನಟನೆ ನಂಬಿದವರು ನೀವೊಬ್ಬರೇ."

ರಾಯರು ಹೊರಗೆ ಬಂದರು. ಆಸ್ಪತ್ರೆಯ ಔಷಧಿ ಕಿಟಕಿಯಲ್ಲಿ ಬಿಳಿಕೋಟಿನವನೊಬ್ಬ ಮಾತ್ರೆ ಎಣಿಸಿ ಪೊಟ್ಟಣಕ್ಕೆ ಹಾಕುತ್ತಿದ್ದ. ಅದನ್ನೇ ನೋಡುತ್ತ ನಿಂತರು. ಅಷ್ಟರಲ್ಲಿ ಪರೀಕ್ಷಕಿಯ ಫೋನು ಬಂತು.

"ಕ್ಷಮಿಸಿ, ಎದೆಯುರಿಗೆ ಆಂಬುಲೆನ್ಸ್ ಕರೆದವರನ್ನ ಪಾಸು ಮಾಡೋಕಾಗಲ್ಲ. ಆ ನಟನನ್ನೂ ತೆಗೆದುಹಾಕಿದ್ದೇವೆ. ಆದ್ರೆ ನಿಮ್ಮ ಆ ಬೆವರು, ಆ ನಡುಕ, ಗಾಜಿನ ಈಚೆಗೂ ಕಾಣ್ತಿತ್ತು. ಒಂದು ಮಾತು ಕೇಳ್ಲಾ?"

ರಾಯರು ಮನೆ ಮುಟ್ಟಿದಾಗ ಕಟ್ಟಡದವರೆಲ್ಲ ಬಾಗಿಲಲ್ಲೇ ಕಾದಿದ್ದರು.

"ಪಾಸಾದ್ರಾ? ಕೆಲಸ ಸಿಕ್ತೇನ್ರೀ?" ಎಂದಳು ಹೆಂಡತಿ.

"ಸಿಕ್ತು."

"ಕೌಂಟರಲ್ಲೇ?"

"ಕೌಂಟರಲ್ಲೇ. ಆದ್ರೆ ಮುಂದುಗಡೆ," ಎಂದು ರಾಯರು ಷೂ ಬಿಚ್ಚಿದರು. "ಸೋಮವಾರದಿಂದ ನಂಗೆ ಎದೆಯುರಿ."