ಎರಡನೇ ಬ್ರೇಕು

"ಅಮ್ಮಾ, ಅಂಗಾಲಿಗೆ ಕಚಗುಳಿ ಇಟ್ರೂ ಅಜ್ಜಿ ಯಾಕೆ ನಗಲ್ಲ?"

ಹಿಂದಿನ ಸೀಟಿನಿಂದ ಮಗಳು ಹೀಗೆ ಕೇಳಿದಾಗ ಅವಳು ನಡುರಸ್ತೆಯಲ್ಲಿ ನಿಂತ ಕಾರಿನ ಕೀಲಿ ತಿರುಗಿಸುತ್ತ, ಬಸ್ಸಿನವನಿಂದ ಮಂಗಳಾರತಿ ಮಾಡಿಸಿಕೊಳ್ಳುತ್ತಿದ್ದಳು. ನಿಮ್ಮಜ್ಜಿ ಯಾವುದಕ್ಕೆ ನಕ್ಕಿದ್ದಾರೆ ಹೇಳು ಎಂದುಕೊಂಡಳು, ಮನಸ್ಸಿನಲ್ಲೇ. (ಪಕ್ಕದಲ್ಲಿ ಅತ್ತೆ ಕೂತಿರುವಾಗ ಬಾಯಿ ಬಿಟ್ಟು ಹೇಳಲು ಅವಳಿಗೇನು ತಲೆ ಕೆಟ್ಟಿತ್ತೇ?)

ಅತ್ತೆ ಬಹಳ ಕಾಲ ಡ್ರೈವಿಂಗ್ ಶಾಲೆ ನಡೆಸಿದವರು. ಶಾಲೆ ಮುಚ್ಚಿದರೂ ಅದರ ಕಾರು ಮನೆಯಲ್ಲೇ ಉಳಿಯಿತು. ಕಲಿಸುವವರ ಸೀಟಿನ ಮುಂದೆಯೂ ಒಂದು ಬ್ರೇಕ್ ಪೆಡಲ್ ಇರುವ ಕಾರು. ಅದು ಎಷ್ಟು ಓಡಿತ್ತೆಂದರೆ, ಮೀಟರಿನ ಅಂಕಿಗಳೆಲ್ಲ ಮುಗಿದು ಮತ್ತೆ ಸೊನ್ನೆಯಿಂದ ಬಾಲ್ಯ ಶುರುವಾಗಿತ್ತು. ಈಚೆಗೆ ಅದಕ್ಕೊಂದು ರೋಗ ಅಂಟಿತ್ತು. ಓಡುತ್ತ ಓಡುತ್ತ ಕಾರಣವಿಲ್ಲದೆ ನಿಂತುಬಿಡುವುದು. ಮೆಕ್ಯಾನಿಕ್ ಪಂಪು ಬದಲಿಸಿದ, ಪ್ಲಗ್ಗು ಬದಲಿಸಿದ, ಕೊನೆಗೆ ತನ್ನ ಅಭಿಪ್ರಾಯವನ್ನೇ ಬದಲಿಸಿದ.

ಮನೆಯಲ್ಲಿ ಮಹಾಸಭೆ ಸೇರಿತು.

"ಇನ್ನು ರಿಪೇರಿ ಸಾಕು. ಭಾನುವಾರ ಗುಜರಿಯವನಿಗೆ ಬರೋಕೆ ಹೇಳಿದೀನಿ," ಎಂದ ಗಂಡ.

"ಹಾಗಾದ್ರೆ ದೊಡ್ಡ ಲಾರಿ ತರೋಕೆ ಹೇಳು. ನಂಗೂ ಜಾಗ ಬೇಕಲ್ಲ," ಎಂದರು ಅತ್ತೆ.

"ಅಮ್ಮ, ಮಾತೆತ್ತಿದ್ರೆ ಅಲ್ಲಿಗೇ ಹೋಗ್ತೀಯ."

"ನಾನೆಲ್ಲಿ ಹೋಗ್ಲಪ್ಪ? ಆ ಕಾರಿಲ್ದಿದ್ರೆ ಗೇಟಿನ ತನಕ ಹೋದ್ರೆ ಹೆಚ್ಚು."

ಅವಳು ಗಂಡನ ಪಕ್ಷ ವಹಿಸಿದಳು. "ಅತ್ತೆ, ಇಷ್ಟು ವರ್ಷದಲ್ಲಿ ನಾನು ಒಂದು ಗೀರೂ ಬೀಳದ ಹಾಗೆ ಓಡಿಸಿದೀನಿ. ನನ್ನ ಕೈಗೆ ಇನ್ನಾದ್ರೂ ಒಳ್ಳೆ ಕಾರು ಬೇಡ್ವಾ?"

ಅತ್ತೆ ಅವಳ ಮುಖ ನೋಡಿದರು, ಸುಮ್ಮನಾದರು. (ಅತ್ತೆ ಸುಮ್ಮನಾದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು.)

ಶನಿವಾರ ರೋಗವನ್ನು ಪ್ರತ್ಯಕ್ಷ ತೋರಿಸಿಬಿಡೋಣ ಎಂದು ಒಬ್ಬಳೇ ಕಾರನ್ನು ಗ್ಯಾರೇಜಿಗೆ ಒಯ್ದು, ಮೆಕ್ಯಾನಿಕನನ್ನು ಅತ್ತೆಯ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊರಟಳು. ಆ ಪೆಡಲಿಗೆ ಹೆದರಿ ಅವನು ಚಕ್ಕಳಮಕ್ಕಳ ಹಾಕಿ ಕೂತಿದ್ದ. ಕಾರು ಕುದುರೆಯಂತೆ ಓಡಿತು. ಏರಿನಲ್ಲಿ ನಿಲ್ಲಲಿಲ್ಲ, ಇಳಿಜಾರಿನಲ್ಲಿ ನಿಲ್ಲಲಿಲ್ಲ. ವಾಪಸು ಬಂದಾಗ ಗ್ಯಾರೇಜಿನ ಬಾಗಿಲಲ್ಲೂ ನಿಲ್ಲಲಿಲ್ಲ. ಒಳಗೆ ಪೇರಿಸಿಟ್ಟಿದ್ದ ಹಳೇ ಟೈರುಗಳ ಗೋಪುರಕ್ಕೆ ಮುತ್ತಿಟ್ಟ ಮೇಲಷ್ಟೇ ನಿಂತಿತು.

"ಬ್ರೇಕ್ ಒತ್ಲಿಲ್ವಾ ಅಕ್ಕ?" ಎಂದ ಮೆಕ್ಯಾನಿಕ್.

"ಒತ್ತೋಷ್ಟರಲ್ಲಿ ಟೈರ್ ಬಂತು."

"ಹಾಗಾದ್ರೆ ದಿನಾ ಯಾರು ಒತ್ತೋರು?"

ಇಬ್ಬರೂ ಅವನ ಮಡಚಿದ ಕಾಲಿನ ಕೆಳಗಿದ್ದ ಪೆಡಲನ್ನು ನೋಡಿದರು. ಇಷ್ಟು ವರ್ಷ ಅವಳನ್ನು ಕಾಪಾಡಿದ ಕಾಲು ಅದರ ಮೇಲಿರುತ್ತಿತ್ತು. ಈಚೆಗೆ ಕಾರನ್ನು ನಡುರಸ್ತೆಯಲ್ಲಿ ನಿಲ್ಲಿಸುತ್ತಿದ್ದ ಕಾಲೂ ಅದೇ. ಮಗಳ ಕಚಗುಳಿ ಅವಳಿಗೆ ಆಗ ನೆನಪಾಯಿತು.

ಮನೆಗೆ ಬಂದಾಗ ಅತ್ತೆ ವರಾಂಡದ ಕುರ್ಚಿಯಲ್ಲಿದ್ದರು. ಒಂದೇ ಕಾಲಿಗೆ ಚಪ್ಪಲಿ. ಇನ್ನೊಂದು ಗೇಟಿನ ಹತ್ತಿರವೇ ಕಳಚಿ ಬಿದ್ದಿತ್ತು, ಅವರಿಗೆ ತಿಳಿದಿರಲಿಲ್ಲ. ಅವಳು ಅದನ್ನು ತಂದು, ಕೆಳಗೆ ಕೂತು ತೊಡಿಸಿದಳು. ಅಂಗಾಲಿನಲ್ಲಿ ಕಲ್ಲು ಕೊರೆದ ಗಾಯ ಹಸಿಯಾಗೇ ಇತ್ತು.

"ಯಾವಾಗಿಂದ ಅತ್ತೆ?"

"ಆಯ್ತು ಕೆಲವು ತಿಂಗಳು. ಸಕ್ಕರೆ ಕಾಯಿಲೆ ಕಾಲಿಗಿಳಿದಿರಬೇಕು. ಕಾಲು ನೆಲದ ಮೇಲಿದೆಯೋ ಪೆಡಲ್ ಮೇಲಿದೆಯೋ ಗೊತ್ತೇ ಆಗಲ್ಲ."

"ಪಂಪು, ಪ್ಲಗ್ಗು ಅಂತ ಅಷ್ಟೆಲ್ಲ ರಿಪೇರಿ ಮಾಡಿಸ್ತಿದ್ವಲ್ಲ, ಒಂದು ಮಾತು ಹೇಳಬಾರದಿತ್ತಾ?"

"ಕಾರಿಗಾದ್ರೆ ಹೊಸ ಪಂಪು ಸಿಗುತ್ತೆ ಕಣೇ."

ಅವಳು ಚಪ್ಪಲಿಯ ಪಟ್ಟಿ ಸರಿಮಾಡಿದಳು. "ಸೋಮವಾರ ಡಾಕ್ಟರ ಹತ್ರ ಹೋಗೋಣ. ಗುಜರಿಯವನಿಗೆ ಬರಬೇಡ ಅಂತ ಹೇಳ್ತೀನಿ," ಎಂದಳು.

"ಹೇಳು. ನನ್ನ ಕಡೆ ಬ್ರೇಕ್ ಬಿಚ್ಚಿಸಿಬಿಡು, ಸೀಟು ಮಾತ್ರ ಇರಲಿ." ಅತ್ತೆ ಕಾರಿನ ಜಜ್ಜಿದ ಮೂತಿಯನ್ನು ಒಮ್ಮೆ ನೋಡಿ, ಅವಳ ಕೈ ಹಿಡಿದುಕೊಂಡರು. "ಇನ್ನೊಂದು ಉಪಕಾರ ಮಾಡ್ತೀಯಾ ಅಮ್ಮ? ನನ್ನ ಕಾಲು ಅಂತ ಗೊತ್ತಾದ್ರೆ ನನ್ನ ಮಗ ನನ್ನನ್ನ ಮನೆಯಿಂದ ಆಚೆಗೇ ಬಿಡಲ್ಲ. ಇಷ್ಟು ದಿನ ಕಾರು ನಿಂತಿದ್ದೆಲ್ಲ ನಿನ್ನ ಕಾಲಿಂದ ಅಂತ ಹೇಳಿಬಿಡು. ನೀನಾದ್ರೆ ಇನ್ನೂ ಕಲೀತೀಯ ಅಂತಾನೆ. ಹೇಗೂ ಗುದ್ದಿಸ್ಕೊಂಡು ಬಂದಿದೀಯ, ನೋಡಿದ ಕೂಡಲೇ ನಂಬ್ತಾನೆ."