ಕಪೆಂಬ್ವಾ ಕಂಡ ಹರಳು

ಆ ಸೋಮವಾರ ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಡಾಕ್ಟರ್ ಕಪೆಂಬ್ವಾ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಹತ್ತು ಹನ್ನೊಂದು ವರ್ಷ ಮೀನಿನ ಲಿವರ್ ಅರೆದವನಿಗೆ ಮೊದಲ ಸಲ ಒಂದು ಹರಳು ಕಂಡರೆ ಬಾಯಿ ಸುಮ್ಮನಿರುತ್ತದೆಯೇ? ಹೆಂಡತಿ ಮ್ವಿಲಾಗೆ ಫೋನು ಮಾಡಿ, "ಬಂತು ಕಣೇ, ಬಂತು" ಅಂದ.

"ಏನು ಬಂತು, ಕರೆಂಟಾ?" ಎಂದಳು ಅವಳು.

ಅವನ ಪ್ರಯೋಗಶಾಲೆಗೂ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಮುಕುಕಾ ಅವರ ಕೋಣೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಮುಕುಕಾ ಅವರಿಗೆ ಕಾಗದ ಓದುವಾಗ ಕಣ್ಣು ಮಂಜಾಗುತ್ತಿತ್ತು, ಪಾಠ ಮಾಡುವಾಗ ಗಂಟಲು ಕಟ್ಟುತ್ತಿತ್ತು, ಕಿವಿ ಮಾತ್ರ ಎಂದೂ ಕೈಕೊಟ್ಟದ್ದಿಲ್ಲ.

ಕಪೆಂಬ್ವಾನ ಸಂಶೋಧನೆಯನ್ನು ಎರಡು ಮಾತಿನಲ್ಲಿ ಹೇಳಬಹುದು. ತಾಮ್ರದ ಗಣಿಯ ಕೊಳಚೆಯೆಲ್ಲ ಊರ ಪಕ್ಕದ ಹೊಳೆಗೆ ಹರಿದು ಬರುತ್ತದೆ. ಆ ನೀರಿನಲ್ಲಿ ಕಪ್ಪೆ ಬದುಕುವುದಿಲ್ಲ, ಏಡಿ ಬದುಕುವುದಿಲ್ಲ, ಒಂದು ಜಾತಿಯ ಮೀನು ಮಾತ್ರ ಯಾವ ಚಿಂತೆಯೂ ಇಲ್ಲದೆ ಬದುಕುತ್ತದೆ. ಅದರ ಲಿವರಿನಲ್ಲಿರುವ ಒಂದು ಪ್ರೋಟೀನು ತಾಮ್ರದ ಕಣಗಳನ್ನು ಹಿಡಿದು, ಸೆರಗಿನಲ್ಲಿ ಕಟ್ಟಿಕೊಂಡ ಹಾಗೆ ಕಟ್ಟಿಟ್ಟುಕೊಳ್ಳುತ್ತದೆ. ಹೇಗೆ ಹಿಡಿಯುತ್ತದೆ, ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಪ್ರೋಟೀನಿನ ಆಕಾರ ಗೊತ್ತಾಗಬೇಕು. ಆಕಾರ ಗೊತ್ತಾಗಲು ಅದು ಹರಳುಗಟ್ಟಬೇಕು, ಹರಳಿನ ಮೂಲಕ ಎಕ್ಸ್‌ರೇ ಹಾಯಿಸಬೇಕು. ಹರಳುಗಟ್ಟುವ ಮನಸ್ಸು ಮಾತ್ರ ಆ ಪ್ರೋಟೀನಿಗೆ ಇರಲಿಲ್ಲ. ಇತ್ತ ಮಾರುಕಟ್ಟೆಯ ಮೀನುಗಾರ್ತಿಯರು, ಮೀನು ಬಿಟ್ಟು ಲಿವರನ್ನಷ್ಟೇ ಒಯ್ಯುವ ಈ ಡಾಕ್ಟರನ ಮನೆಯಲ್ಲಿ ಜೋಳದ ಮುದ್ದೆ ಉಬ್ವಾಲಿಗೆ ಏನು ನಂಜಿಕೊಳ್ಳುತ್ತಾರೋ ಎಂದು ನಗುತ್ತಿದ್ದರು. ಅತ್ತ ಡೀನ್ ನಮ್ವಿಂಗಾ ಮೇಡಂ, ಈ ಅವಧಿ ಮುಗಿಯುವುದರೊಳಗೆ ಏನಾದರೂ ತೋರಿಸದಿದ್ದರೆ ಕೋಣೆ ಖಾಲಿ ಮಾಡಬೇಕೆಂದು ಹೇಳಿಬಿಟ್ಟಿದ್ದರು. ಅವರಿಗೆ ಮುರಿದ ಕುರ್ಚಿಗಳನ್ನಿಡಲು ಜಾಗ ಬೇಕಿತ್ತು.

ಹೀಗಿರುವಾಗ ತಟ್ಟೆಯಲ್ಲಿಟ್ಟ ಪ್ರೋಟೀನ್ ದ್ರಾವಣದ ಒಂದು ಹನಿಯೊಳಗೆ, ಸಕ್ಕರೆಯ ಕಾಳಿಗಿಂತ ಚಿಕ್ಕದಾಗಿ, ಹರಳು ಹೊಳೆಯಿತು. ಅದು ನಿಜವಾದ ಪ್ರೋಟೀನೇ ಎಂದು ಸೂಜಿಯಿಂದ ಚುಚ್ಚಿ ನೋಡಬಹುದಿತ್ತು. ಪ್ರೋಟೀನಿನ ಹರಳು ಬೆಣ್ಣೆಯಂತೆ ಕುಸಿಯುತ್ತದೆ. ಆದರೆ ಇಷ್ಟು ವರ್ಷ ಕಾದು ಹುಟ್ಟಿದ ಕೂಸನ್ನು ಯಾವ ತಂದೆ ಚುಚ್ಚಿ ನೋಡುತ್ತಾನೆ?

ಮುಕುಕಾ ಒಳಗೆ ಬಂದರು, ಸಾವಿನ ಮನೆಗೆ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನಂತೆ. ಅವರು ಆ ಕೋಣೆಗೆ ಕಾಲಿಟ್ಟು ಎರಡು ವರ್ಷವಾಗಿತ್ತು. ವಾಸನೆ ತಡೆಯಲಾರೆ ಎನ್ನುತ್ತಿದ್ದವರು ಈಗ ಮೂಗಿನ ತುಂಬ ಉಸಿರೆಳೆದುಕೊಂಡು, "ಎಲ್ಲಿ ನಮ್ಮ ಹರಳು?" ಎಂದರು.

ನಮ್ಮ ಎಂಬ ಆ ಪದ ಕಪೆಂಬ್ವಾನಿಗೆ ಹಲ್ಲುನೋವಿನಂತೆ ನಾಟಿತು. ಹನಿ ಒಣಗಿಬಿಡುತ್ತದೆ, ತಟ್ಟೆಯನ್ನು ಐಸ್ ಡಬ್ಬಿಯಿಂದ ಪದೇ ಪದೇ ಹೊರಗೆ ತೆಗೆಯಬಾರದು ಎಂದು ಬೇಡಿಕೊಂಡ. ಮುಕುಕಾ ಅದಕ್ಕೆ ತಲೆಯಾಡಿಸಿ, ತಟ್ಟೆ ಹೊರಗೆ ತೆಗೆಸಿದರು. ಅವರು ನೋಡಿಯಾದ ಮೇಲೆ ಡೀನ್ ಮೇಡಂ ಬಂದರು. ಸೂಕ್ಷ್ಮದರ್ಶಕಕ್ಕೆ ಕಣ್ಣು ಒತ್ತಿ ಹಿಡಿದು, ಬಹಳ ಹೊತ್ತು ನೋಡಿ, "ತುಂಬ ಚೆನ್ನಾಗಿದೆ. ಎಷ್ಟು ಕಾಲಿದೆ ಇದಕ್ಕೆ?" ಎಂದು ಕೇಳಿದರು. ಅವರು ನೋಡಿದ್ದು ತಮ್ಮದೇ ಕಣ್ಣಿನ ರೆಪ್ಪೆಯನ್ನು.

"ಇನ್ನೂ ಬರ್ತಾ ಇವೆ ಮೇಡಂ" ಎಂದರು ಮುಕುಕಾ.

ಮಧ್ಯಾಹ್ನದ ಹೊತ್ತಿಗೆ ಇಡೀ ಕಟ್ಟಡದವರು ಇಣುಕಿ ಹೋಗಿದ್ದರು. ಗಣಿತದವರು ಅದನ್ನು ವಜ್ರ ಎಂದರು. ದೇವತಾಶಾಸ್ತ್ರದವರು ಕಣ್ಣು ಮುಚ್ಚಿ ಪ್ರಾರ್ಥಿಸಿ, ಕಣ್ಣು ತೆರೆದು, ಲೇಖನದಲ್ಲಿ ತಮ್ಮ ಹೆಸರೂ ಬರುತ್ತದೆಯೇ ಎಂದು ವಿಚಾರಿಸಿದರು. ಕಪೆಂಬ್ವಾ ಒದ್ದೆ ಕರವಸ್ತ್ರ ಹಿಡಿದುಕೊಂಡು, ಜ್ವರ ಬಂದ ಮಗುವಿನ ತಾಯಿಯಂತೆ ತಟ್ಟೆಯ ಪಕ್ಕ ನಿಂತೇ ಇದ್ದ.

ಆ ದಿನವೇ ಗಣಿಯ ಮ್ಯಾನೇಜರ್ ಸಿಕಾಜ್ವೆ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಗಣಿಯವರು ದಾನ ಕೊಟ್ಟ ಒಂದು ನಲ್ಲಿಯನ್ನು ಉದ್ಘಾಟಿಸಬೇಕಿತ್ತು. ನಲ್ಲಿ ಒಂದೇ ಆದರೂ ಜೊತೆಗೆ ಕ್ಯಾಮೆರಾದವರು, ರೇಡಿಯೋದವರು ಎಲ್ಲ ಇದ್ದರು. ಊಟದ ಮೇಜಿನಲ್ಲಿ ಮುಕುಕಾ ಕೋಳಿಯ ಕಾಲು ಕಚ್ಚುತ್ತಾ, ನಮ್ಮಲ್ಲೊಂದು ಹೊಳೆ ಮೀನಿನ ಪ್ರೋಟೀನ್ ಸಿಕ್ಕಿದೆ, ತಾಮ್ರ ಕಂಡರೆ ಬಿಡುವುದೇ ಇಲ್ಲ ಎಂದು ಜಂಬ ಕೊಚ್ಚಿಕೊಂಡರು.

ಸಿಕಾಜ್ವೆ ಅಗಿಯುವುದನ್ನು ನಿಲ್ಲಿಸಿದರು. "ಯಾವ ಹೊಳೆ ಮೀನು?"

"ನಿಮ್ಮ ಗಣಿ ಕೆಳಗಿನ ಹೊಳೇದೇ ಸಾರ್."

"ಅದರಲ್ಲಿ ಅಷ್ಟೊಂದು ತಾಮ್ರ ಇದೆಯಾ?"

"ಬೇಕಾದಷ್ಟಿದೆ" ಎಂದರು ಮುಕುಕಾ, ತಾವೇ ತಂದು ಸುರಿದವರ ಹಾಗೆ.

ಸಿಕಾಜ್ವೆ ಕೈ ತೊಳೆದುಕೊಂಡು ಬಂದು, ಅದಿರಿನ ಕಲ್ಲು ಪರೀಕ್ಷಿಸುವ ಎಕ್ಸ್‌ರೇ ಯಂತ್ರ ಗಣಿಯಲ್ಲಿದೆ, ಈಗಲೇ ಹೋಗಿ ನೋಡಿಬಿಡೋಣ ಎಂದರು. ಎಂಥ ಉದಾರಿ ಎಂದು ಡೀನ್ ಮೇಡಂ ಕಣ್ಣೊರೆಸಿಕೊಂಡರು. ಒಂದು ಗಂಟೆಯೊಳಗೆ ಜೀಪಿನ ಹಿಂದಿನ ಸೀಟಿನಲ್ಲಿ ಮೇಡಂ ಮೊಣಕೈಗೂ ಮುಕುಕಾ ಹೊಟ್ಟೆಗೂ ನಡುವೆ ಸಿಕ್ಕಿಕೊಂಡು, ಐಸ್ ಡಬ್ಬಿಯನ್ನು ತೊಡೆಯ ಮೇಲೆ ಅಪ್ಪಿಕೊಂಡು, ಕಪೆಂಬ್ವಾ ಗುಂಡಿಬಿದ್ದ ರಸ್ತೆಯಲ್ಲಿ ಕುಲುಕುತ್ತಾ ಹೋದ. ಪ್ರತಿ ಗುಂಡಿಗೂ ಅವನ ಪ್ರಾಣ ಹೋಗಿ ಬರುತ್ತಿತ್ತು.

ಯಂತ್ರ ನೋಡಿಕೊಳ್ಳುವವನು ರಜೆಯಲ್ಲಿದ್ದ. ವಿದ್ಯಾರ್ಥಿಯಾಗಿದ್ದಾಗ ಇಂಥದ್ದೇ ಯಂತ್ರದ ಮೇಲೆ ಕೆಲಸ ಕಲಿತಿದ್ದ ಕಪೆಂಬ್ವಾ ತಾನೇ ಹರಳನ್ನು ಕೂದಲೆಳೆಯಂಥ ಕುಣಿಕೆಯಲ್ಲಿ ಎತ್ತಿ ಕೂರಿಸಿದ. ಅವನ ಕೈ ನಡುಗಲಿಲ್ಲ. ಆ ಒಂದು ಗಳಿಗೆ ಅವನನ್ನು ನೋಡಿದ್ದರೆ ಯಾರಿಗಾದರೂ ಗೌರವ ಬರಬೇಕಿತ್ತು. ಆದರೆ ಮುಕುಕಾ, ರೇಡಿಯೋದವರೊಂದಿಗೆ ಹಿಂದೆಯೇ ಬಂದಿದ್ದ ಕ್ಯಾಮೆರಾದವರಿಗೆ ತಮ್ಮ ಯಾವ ಕೆನ್ನೆ ತೋರಿಸಬೇಕೆಂಬ ಯೋಚನೆಯಲ್ಲಿದ್ದರು.

ಪರದೆಯ ಮೇಲೆ ಚುಕ್ಕಿಗಳು ಮೂಡಿದವು.

ಪ್ರೋಟೀನಿನ ಹರಳಾದರೆ ಅಮಾವಾಸ್ಯೆಯ ಆಕಾಶದಂತೆ ಒತ್ತೊತ್ತಾಗಿ ಸಾವಿರ ಚುಕ್ಕಿ ಬರಬೇಕು. ಇಲ್ಲಿ ಬಂದದ್ದು ಮುದುಕನ ಬಾಯಲ್ಲಿ ಉಳಿದ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು, ದಪ್ಪ ದಪ್ಪ. ಅದು ಉಪ್ಪು. ಪ್ರೋಟೀನನ್ನು ಹರಳುಗಟ್ಟಿಸಲು ಕಪೆಂಬ್ವಾನೇ ಬೆರೆಸಿದ್ದ ಲವಣ, ಪ್ರೋಟೀನಿನ ಹಂಗಿಲ್ಲದೆ ತಾನೇ ಹರಳಾಗಿ ಕೂತಿತ್ತು.

ಆ ಚುಕ್ಕಿಗಳ ಅರ್ಥ ಅಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಸುಳ್ಳು ಹೇಳಿದರೆ ಕೋಣೆ ಉಳಿಯುತ್ತಿತ್ತು, ಬಡ್ತಿಯೂ ಬರುತ್ತಿತ್ತೇನೋ. ಮುಕುಕಾ ಕಿವಿಯ ಹತ್ತಿರ ಬಗ್ಗಿ, "ಏನಾದ್ರೂ ಒಳ್ಳೇದು ಹೇಳಯ್ಯಾ, ಎಲ್ಲಾ ಕಾಯ್ತಿದ್ದಾರೆ" ಎಂದು ಪಿಸುಗುಟ್ಟಿದರು. ಕಪೆಂಬ್ವಾನಿಗೆ ಬೇರೆ ಯಾವ ಸಂಪತ್ತೂ ಇರಲಿಲ್ಲ, ತಪ್ಪು ಫಲಿತಾಂಶವನ್ನು ಸರಿ ಎಂದು ಒಮ್ಮೆಯೂ ಹೇಳಿದವನಲ್ಲ ಎಂಬುದೊಂದನ್ನು ಬಿಟ್ಟರೆ.

"ಇದು ಪ್ರೋಟೀನ್ ಅಲ್ಲ" ಎಂದ. "ಬರೀ ಉಪ್ಪು."

ಡೀನ್ ಮೇಡಂ ಮುಖ ಹಿಂಡಿದ ನಿಂಬೆಯಾಯಿತು. ಮುಕುಕಾ ಎರಡು ಹೆಜ್ಜೆ ದೂರ ಸರಿದು, ಈ ಹರಳಿಗೂ ತಮಗೂ ಸಂಬಂಧವಿಲ್ಲದವರಂತೆ ಕಿಟಕಿಯಾಚೆ ನೋಡತೊಡಗಿದರು.

"ತಾಮ್ರ?" ಎಂದು ಕೇಳಿದರು ಸಿಕಾಜ್ವೆ.

"ಇದರಲ್ಲಿ ತಾಮ್ರ ಇಲ್ಲ ಸಾರ್."

ಬೈಗುಳಕ್ಕೆ ಕಾದು ತಲೆ ತಗ್ಗಿಸಿ ನಿಂತವನನ್ನು ಸಿಕಾಜ್ವೆ ಎರಡೂ ಕೈಯಿಂದ ತಬ್ಬಿಕೊಂಡರು. ಬೆಳಿಗ್ಗೆಯಿಂದ ಅವರ ಮುಖ ಅಷ್ಟು ಅರಳಿರಲಿಲ್ಲ. ರೇಡಿಯೋದವರನ್ನು ಹತ್ತಿರ ಕರೆದು, "ಡಾಕ್ಟರೇ, ಇನ್ನೊಂದು ಸಲ ಹೇಳಿ" ಎಂದರು. ಕಪೆಂಬ್ವಾ ಏನೂ ಅರ್ಥವಾಗದೆ ಮತ್ತೆ ಹೇಳಿದ: ತಾಮ್ರ ಇಲ್ಲ, ಉಪ್ಪು ಮಾತ್ರ.

"ಕೇಳಿಸ್ಕೊಂಡ್ರಲ್ಲ" ಎಂದರು ಸಿಕಾಜ್ವೆ ಮೈಕಿಗೆ. "ವರ್ಷಗಟ್ಟಲೆ ನಮ್ಮ ಹೊಳೆ ಮೀನನ್ನೇ ಪರೀಕ್ಷೆ ಮಾಡಿರೋ ವಿಜ್ಞಾನಿ ಇವರು. ನಮ್ಮ ಗಣಿ ಮೇಲೆ ಸುಮ್ಮನೆ ಗೂಬೆ ಕೂರಿಸೋರು ಇನ್ನಾದ್ರೂ ಬಾಯಿ ಮುಚ್ಕೊಳ್ಳಲಿ."

ಮೀನಿನಲ್ಲಲ್ಲ, ಈ ಹರಳಿನಲ್ಲಿ ಇಲ್ಲ ಎಂದೆ ಅಷ್ಟೇ, ಮೀನಿನಲ್ಲಿ ಬೇಕಾದಷ್ಟಿದೆ ಎಂದು ಕಪೆಂಬ್ವಾ ಕೂಗಿದ. ಆದರೆ ಮುಕುಕಾ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯಲು ಶುರುಮಾಡಿದ್ದರು, ಆ ಸದ್ದಿನಲ್ಲಿ ಅವನ ಮಾತು ಅವನಿಗೇ ಕೇಳಿಸಲಿಲ್ಲ.

ಸಂಜೆ ಅವನು ವಿಭಾಗಕ್ಕೆ ಮರಳುವಷ್ಟರಲ್ಲಿ ಅವನ ದನಿ ರೇಡಿಯೋದಲ್ಲಿ ಎರಡು ಸಲ ಬಂದಾಗಿತ್ತು, ಮೀನಿನಲ್ಲಿದೆ ಎಂದು ಕೂಗಿದ್ದನ್ನು ಕತ್ತರಿಸಿ. ಸಿಕಾಜ್ವೆ ಸಂತೋಷದಿಂದ ವಿಶ್ವವಿದ್ಯಾಲಯಕ್ಕೆ ಒಂದು ಶುದ್ಧ ಹೊಳೆ ಅಧ್ಯಯನ ಕೇಂದ್ರವನ್ನೇ ಘೋಷಿಸಿದ್ದರು. ನಿರ್ದೇಶಕರು ಪ್ರೊಫೆಸರ್ ಮುಕುಕಾ. ಕೇಂದ್ರಕ್ಕೆ ಕೋಣೆ ಬೇಕಲ್ಲ, ಡೀನ್ ಮೇಡಂ ಕಪೆಂಬ್ವಾನ ಪ್ರಯೋಗಶಾಲೆಯನ್ನು ಕೊಟ್ಟಿದ್ದರು.

ಕಪೆಂಬ್ವಾ ಮುಕುಕಾ ಎದುರು ನಿಂತು, ನಾಳೆ ಬೆಳಿಗ್ಗೆ ತಾನೇ ರೇಡಿಯೋಗೆ ಹೋಗಿ ಸತ್ಯ ಹೇಳಿಬಿಡುತ್ತೇನೆ ಎಂದ.

ಮುಕುಕಾ ಅವನ ಹೆಗಲ ಮೇಲೆ ಕೈಯಿಟ್ಟರು. "ಯಾವ ಸತ್ಯನಯ್ಯಾ? ಬೆಳಿಗ್ಗೆ ಪ್ರೋಟೀನ್ ಅಂದೆ. ಮಧ್ಯಾಹ್ನ ಉಪ್ಪು ಅಂದೆ, ಅದನ್ನ ಊರೆಲ್ಲಾ ನಂಬಿದೆ. ನಾಳೆ ಹೋಗಿ ಮೂರನೇದೊಂದು ಹೇಳಿದ್ರೆ ನಿನ್ನ ಮಾತಿಗೆ ಏನಯ್ಯಾ ಬೆಲೆ?"

ಮುಕುಕಾ ಹೆಗಲ ಮೇಲಿನ ಕೈ ತೆಗೆದು, ಅದನ್ನೇ ಅಂಗೈ ಮೇಲಾಗಿ ಮುಂದೆ ಚಾಚಿದರು.

"ಕೋಣೆ ಬೀಗದ ಕೈ ಕೊಡು. ಬಣ್ಣ ಹೊಡೆಯೋರು ಬಂದು ಕಾಯ್ತಿದ್ದಾರೆ."