ಕುದುರೆ ಎಳೆಯುವ ಬಂಡಿಯ ಕುರಿತು ಒಂದು ಅಹವಾಲು

ಮಂಗಳಚಕ್ರ ಮೋಟಾರ್ಸ್ ಸಂಸ್ಥೆಯ ಆದೋನಿ ಮಳಿಗೆಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಎಮ್ಮಿಗನೂರು ರಸ್ತೆಯ ನಿವಾಸಿ, ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಗುರುಬಸಮ್ಮ, ತಮಗೂ ತಮ್ಮ ಮಳಿಗೆಯ ತಣ್ಣನೆಯ ಗಾಳಿಗೂ ಬಾಗಿಲಲ್ಲಿ ಬಂದವರಿಗೆಲ್ಲ ಕೈಮುಗಿಯುವ ಆ ಪ್ಲಾಸ್ಟಿಕ್ ಗೊಂಬೆಗೂ ಶರಣು ಶರಣಾರ್ಥಿ ಹೇಳಿ ಬರೆಯುವುದೇನೆಂದರೆ, ಇಲ್ಲಿ ನಾವೆಲ್ಲ ಕ್ಷೇಮ. ತಾವು ಕೊಟ್ಟ ವಾಹನವೂ ಕಿಟಕಿಯವರೆಗೆ ಎರೆಮಣ್ಣು ಮೆತ್ತಿಕೊಂಡು ನಮ್ಮ ಅಂಗಳದಲ್ಲಿ ಕ್ಷೇಮವಾಗಿದೆ. ಈ ಪತ್ರವನ್ನು ತಮಗೊಬ್ಬರಿಗೇ ಕಳಿಸಬಹುದಿತ್ತು. ಆದರೆ ನಾನು ಏಳು ಸಲ ಫೋನ್ ಮಾಡಿದಾಗಲೂ ತಾವು ಮೀಟಿಂಗಿನಲ್ಲಿದ್ದಿರಿ. ಊರವರೆಲ್ಲ ಓದಿದರೆ, ಮೀಟಿಂಗು ಮುಗಿಸಿ ತಾವು ಹೊರಬಂದ ಶುಭ ಗಳಿಗೆಯಲ್ಲಿ ಯಾರಾದರೂ ತಮ್ಮ ಕಿವಿಗೆ ಹಾಕಿಯಾರು ಎಂಬ ಆಸೆಯಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಬಿಜಲಿಯ ಪರಿಚಯ ಮಾಡಿಕೊಡಬೇಕು. ಬಿಜಲಿ ನಮ್ಮ ಹೆಣ್ಣುಕುದುರೆ. ನಮ್ಮ ಓಣಿಯ ಜಟ್ಕಾದವರು ಕುದುರೆ ಬಿಟ್ಟು ಆಟೋ ಹಿಡಿದ ವರ್ಷ ನಾನು ಆಕೆಯನ್ನು ಮನೆಗೆ ಕರೆತಂದೆ. ಹೆಸರು ಮಿಂಚಿನದಾದರೂ ನಡಿಗೆ ಮಾತ್ರ ಕಚೇರಿಯ ಕಡತದ್ದು. ಚಿಪ್ಪಗಿರಿ ಕಡೆಯ ನನ್ನ ತಂಗಿಯ ಮಗಳು ಚೇತನಾ ಕಾಲೇಜಿಗೆಂದು ನಮ್ಮ ಮನೆಯಲ್ಲಿ ಐದು ವರ್ಷ ಇದ್ದಳು. ಆ ಐದು ವರ್ಷವೂ ಪುಸ್ತಕದ ಮುಂದೆ ಕೂತದ್ದಕ್ಕಿಂತ ಬಿಜಲಿಯ ಬೆನ್ನ ಮೇಲೆ ಕೂತದ್ದೇ ಹೆಚ್ಚು. ಹಾಗಾಗಿ ಅವಳಿಗೆ ಕೋಸಗಿಯ ರುದ್ರೇಶನೊಂದಿಗೆ ಲಗ್ನ ಗೊತ್ತಾದಾಗ, ನಿಶ್ಚಯದ ದಿನವೇ ಹಿರಿಯರ ಮುಂದೆ, ಮದುವೆಗೆ ಗಂಡಸರು ಕುದುರೆ ಏರಿ ಬರಬಹುದಾದರೆ ತಾನೂ ಬಿಜಲಿಯನ್ನೇರಿಯೇ ಮಂಟಪಕ್ಕೆ ಬರುವೆನೆಂದು ಹೇಳಿಬಿಟ್ಟಳು. ರುದ್ರೇಶ ನಕ್ಕು ಒಪ್ಪಿದ. ಅವನ ಅಜ್ಜ ರೇವಣಸಿದ್ದಯ್ಯನವರು ನಗಲಿಲ್ಲ. ತಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಕುದುರೆ ಏರಿದ್ದಿಲ್ಲವೆಂದು ಬಹಳ ಹೊತ್ತು ವಿವರಿಸಿ, ಮೊಮ್ಮಗನ ಮುಖ ನೋಡಿ, ಕಡೆಗೆ ಒಂದು ತೀರ್ಪು ಕೊಟ್ಟರು: “ಕುದುರಿ ಮುಹೂರ್ತದೊಳಗ ಬಂತಂದ್ರ ಏರ್ಲಿ. ಬರಲಿಲ್ಲಂದ್ರ ಆಕಿ ಈ ಮಾತು ಮತ್ತ ಎತ್ತಬಾರ್ದು, ಎಂದೂ.” ಬಿಜಲಿಯನ್ನು ತರುವ ಹೊಣೆ ನನ್ನದೆಂದು ನಾನು ತುಂಬಿದ ಸಭೆಯಲ್ಲಿ ಮಾತು ಕೊಟ್ಟೆ.

ಮಾತು ಕೊಡುವುದು ಸುಲಭ, ಮಾನ್ಯರೇ, ಕುದುರೆಯನ್ನು ಸಾಗಿಸುವುದು ಕಷ್ಟ. ಆದೋನಿಯಿಂದ ತಂಗಿಯ ಊರು ಐವತ್ತು ಕಿಲೋಮೀಟರಿಗೆ ಹತ್ತಿರ. ಬಿಜಲಿಯ ಒಂದು ಗೊರಸು ಸೀಳಿದೆ. ಮಣ್ಣಾದರೆ ನಡೆಯಲಿ, ಟಾರು ರಸ್ತೆ ಮಾತ್ರ ಬೇಡವೇ ಬೇಡವೆಂದು ದನದ ಡಾಕ್ಟರು ಹೇಳಿದ್ದಾರೆ. ಮಿನಿ ಲಾರಿ ಹತ್ತಲು ಹೋಗಿಯೇ ಆ ಗೊರಸು ಸೀಳಿದ್ದರಿಂದ ಈಗ ಲಾರಿ ಕಂಡರೆ ಆಕೆ ಹಿಂದಕ್ಕೆ ಹೆಜ್ಜೆ ಹಾಕುತ್ತಾಳೆ. ವೆಲ್ಡಿಂಗಿನ ಬಜಾರಪ್ಪ ಹಳೆಯ ಹತ್ತಿ ಟ್ರೈಲರನ್ನು ಕತ್ತರಿಸಿ, ತಗ್ಗಿಸಿ, ಮೇಲೆ ನೆರಳು ಮಾಡಿ ಕೊಟ್ಟ. ಅದರೊಳಗೆ ಆಕೆ ತವರುಮನೆಗೆ ಹೊಕ್ಕವಳಂತೆ ಹೋಗಿ ನಿಂತಳು. ಆದರೆ ಅದನ್ನು ಟ್ರ್ಯಾಕ್ಟರಿಗೆ ಕಟ್ಟಿದಾಗ ಟ್ರ್ಯಾಕ್ಟರಿನ ಸದ್ದಿಗೆ ಬೆದರಿ ಹಿಂಬಾಗಿಲನ್ನು ಒದ್ದು ಮುರಿದಳು. ಹೀಗೆ ಬೇರೆ ಗತಿಯಿಲ್ಲದೆ ನಾನು ತಮ್ಮ ಬಾಗಿಲಿಗೆ ಬಂದೆ.

ನನಗೆ ಬೇಕಾಗಿದ್ದದ್ದು ಚಿಕ್ಕದೊಂದು ಫೋರ್ ವ್ಹೀಲ್ ಡ್ರೈವ್, ಅಂದರೆ ಇಂಜಿನ್ನಿನ ಬಲ ನಾಲ್ಕೂ ಚಕ್ರಗಳಿಗೆ ಹೋಗುವಂಥದ್ದು. ನಾಲ್ಕೂ ಚಕ್ರ ಏಕೆಂದರೆ ಆ ಕಡೆಯ ಎರೆಮಣ್ಣು ಒಂದು ಮಳೆ ಕಂಡರೆ ಕಾಲಿನ ಚಪ್ಪಲಿಯನ್ನೂ ಬಿಟ್ಟುಕೊಡುವುದಿಲ್ಲ. ಚಿಕ್ಕದು ಏಕೆಂದರೆ ನಮ್ಮ ಓಣಿಯಲ್ಲಿ ಹತ್ತಿಯ ಲಾರಿ ಎದುರಾದರೆ ಮನುಷ್ಯರೇ ಗೋಡೆಗೆ ಅಂಟಿಕೊಳ್ಳಬೇಕು. ಡೀಸೆಲ್ ಕಡಿಮೆ ಕುಡಿಯಬೇಕು, ಕುಡಿಯುವವರ ಕಾಟ ನಮ್ಮಲ್ಲಿ ಈಗಾಗಲೇ ಸಾಕಷ್ಟಿದೆ. ಎಲ್ಲಕ್ಕಿಂತ ಹೆಚ್ಚಾಗಿ ನಂಬಿಕಸ್ಥ ಆಗಿರಬೇಕು. ಬೆಳಿಗ್ಗೆ ಕೀಲಿ ತಿರುವಿದರೆ ನೆವ ಹೇಳದೆ ಏಳಬೇಕು. ಇಷ್ಟು ಗುಣವುಳ್ಳ ಅಳಿಯನನ್ನು ಹುಡುಕುವುದೇ ಕಷ್ಟ, ವಾಹನವನ್ನು ಹುಡುಕಲು ಹೊರಟ ನನ್ನ ಧೈರ್ಯವನ್ನು ತಾವು ಮೆಚ್ಚಬೇಕು.

ತಮ್ಮ ಮಾರಾಟ ವಿಭಾಗದ ತಿಪ್ಪೇಶ ನನ್ನ ಹಳೆಯ ಶಿಷ್ಯ. ಅವನು ಮೊದಲು ತೋರಿಸಿದ್ದು ನೆತ್ತಿಯ ಮೇಲೆ ಕಿಟಕಿಯುಳ್ಳ ವಾಹನ. ಆದೋನಿಯ ಬಿಸಿಲಿನಲ್ಲಿ ಸೂರ್ಯನನ್ನು ಒಳಗೆ ಕರೆದು ಕೂಡಿಸಿಕೊಳ್ಳಲು ಪ್ರತ್ಯೇಕ ಕಿಟಕಿ ಮಾಡಿದ ತಮ್ಮ ಕಂಪನಿಯ ಔದಾರ್ಯಕ್ಕೆ ನಾನು ಅಲ್ಲಿಯೇ ಕೈಮುಗಿದೆ. ಎರಡನೆಯದು ಬಲವಾಗಿತ್ತು, ಆದರೆ ನಮ್ಮ ಓಣಿಯ ಎರಡು ಮನೆ ಕೆಡವದೆ ತಿರುಗುವಂತಿರಲಿಲ್ಲ. ಮೂರನೆಯದು ಮಾತ್ರ ಚಿಕ್ಕದು, ಗಟ್ಟಿಮುಟ್ಟಾದುದು, ಹಾಡು ಹೇಳದ್ದು. ಅದರ ಅಚ್ಚು ನೋಡಲೆಂದು ನಾನು ಸೆರಗು ಸಿಕ್ಕಿಸಿ ನೆಲಕ್ಕೆ ಮಲಗಿ ಕೆಳಗೆ ತೂರಿದಾಗ ತಮ್ಮ ಮಳಿಗೆಯವರೆಲ್ಲ ಕೆಲಸ ಬಿಟ್ಟು ಬಂದು ನಿಂತದ್ದು ನೆನಪಿದೆ. ಎಷ್ಟು ಭಾರ ಎಳೆಯುತ್ತದೆ ಎಂದು ಕೇಳಿದೆ. ಅಂಥ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲವಂತೆ. ಅವನು ಕರ್ನೂಲಿಗೆ ಫೋನ್ ಮಾಡಿದ, ಕರ್ನೂಲಿನವರು ಹೈದರಾಬಾದಿಗೆ ಮಾಡಿದರು, ಮೂರು ದಿನಗಳ ಮೇಲೆ, ಐದು ಜನ ಮತ್ತು ಒಂದು ಸೂಟ್‌ಕೇಸ್ ಎಂಬ ಉತ್ತರ ಬಂತು. ಸೂಟ್‌ಕೇಸು ನಾನೂರು ಕಿಲೋ ಇದೆ, ಹುಲ್ಲು ತಿನ್ನುತ್ತದೆ ಎಂದು ನಾನೇ ಹೈದರಾಬಾದಿಗೆ ಫೋನ್ ಮಾಡಿ ತಿಳಿಸಿದ ಮೇಲೆಯೇ, ಟ್ರೈಲರೂ ಸೇರಿ ಒಂದು ಟನ್ನಿನವರೆಗೆ ಚಿಂತೆಯಿಲ್ಲ ಎಂಬ ಮಾತು ಸಿಕ್ಕಿದ್ದು. ಮೈಲೇಜನ್ನೂ ಹೇಳಿದರು, ಅದು ಬಹುಶಃ ಯಾರನ್ನೂ ಕೂರಿಸದೆ ಆದೋನಿಯ ಕೋಟೆಯ ಗುಡ್ಡದಿಂದ ಕೆಳಕ್ಕೆ ಬಿಟ್ಟಾಗಿನ ಲೆಕ್ಕ.

ಇಲ್ಲಿಯವರೆಗೆ ಎಲ್ಲವೂ ಸುಸೂತ್ರ. ಮುಂದಿನ ಅನಾಹುತದಲ್ಲಿ ನನ್ನದೂ ಒಂದು ಪಾಲಿದೆ, ಅದನ್ನು ಮುಚ್ಚಿಡುವವಳು ನಾನಲ್ಲ. ವಾಹನಕ್ಕೆ ಒಂದು ಹುಕ್ ಕೂಡ ಬೇಕೆಂದೆ. ಹುಕ್ ಯಾತಕ್ಕೆ ಎಂದು ತಿಪ್ಪೇಶ ಆರ್ಡರ್ ಬರೆದುಕೊಳ್ಳುತ್ತ ಕೇಳಿದಾಗ, ಮನೆಯಲ್ಲಿ ಮಾತಾಡುವ ಧಾಟಿಯಲ್ಲಿಯೇ, “ಮದುವಿಗೆ, ಕುದುರಿ ಎಳಿಯೋ ಬಂಡಿ ಬೇಕಪಾ,” ಎಂದುಬಿಟ್ಟೆ. ನಾನಂದದ್ದು ಕುದುರೆಯನ್ನು ಎಳೆಯುವ ಬಂಡಿ. ಅವನು ಕೇಳಿಸಿಕೊಂಡದ್ದು ಕುದುರೆಯೇ ಎಳೆಯುವ ಬಂಡಿ. ದ್ವಿತೀಯಾ ವಿಭಕ್ತಿಯ ಒಂದು ‘ಅನ್ನು’ ನುಂಗಿದ್ದು ನಾನೇ. ಅದೇ ‘ಅನ್ನು’ ಬಿಟ್ಟದ್ದಕ್ಕೆ ಮೂವತ್ತೊಂದು ವರ್ಷ ಮಕ್ಕಳ ಅಂಕ ಕಳೆದವಳೂ ನಾನೇ. ತಿಪ್ಪೇಶ ತಾನು ಕೇಳಿಸಿಕೊಂಡದ್ದನ್ನೇ ತೆಲುಗಿನಲ್ಲಿ ‘ಗುರ್ರಂ ಲಾಗೇ ಬಂಡಿ’ ಎಂದು ಬರೆದು ಕರ್ನೂಲಿಗೆ ಕಳಿಸಿದ. ಕರ್ನೂಲಿನ ಫಿಟ್ಟರು ಅದನ್ನು ಶ್ರದ್ಧೆಯಿಂದ ಓದಿದರು.

ಮದುವೆಗೆ ಎರಡು ದಿನವಿರುವಾಗ ಹೂಮಾಲೆ ಹಾಕಿಕೊಂಡು ವಾಹನ ಬಂತು. ಹಿಂಭಾಗ ಬೋಳು. ಮುಂಭಾಗದಲ್ಲಿ, ನಂಬರ್ ಪ್ಲೇಟಿನ ಕೆಳಗೆ, ನನ್ನ ಮುಂಗೈ ದಪ್ಪದ ಕಬ್ಬಿಣದ ಹುಕ್ ಥಳಥಳ ಹೊಳೆಯುತ್ತಿತ್ತು. ಇದೇನೆಂದು ಕೇಳಿದ್ದಕ್ಕೆ ತಿಪ್ಪೇಶ ಹೇಳಿದ್ದನ್ನು ಯಥಾವತ್ತಾಗಿ ದಾಖಲಿಸುತ್ತೇನೆ: “ಟೀಚರ್, ಗುರ್ರಂ ಮುಂದರ, ಬಂಡಿ ಎನಕ ಕದಾ? ಮೆರವಣಿಗಿಗೆ ಹೊಸಾ ಶೋಕಿ ಇರಬೇಕು ಅನ್ಕೊಂಡ್ನಿರಿ.” ಕುದುರೆ ಮುಂದೆ, ಬಂಡಿ ಹಿಂದೆ, ಅವನ ತರ್ಕದಲ್ಲಿ ನಾನು ಒಂದು ತಪ್ಪನ್ನೂ ಹಿಡಿಯಲಾರದೆ ಹೋದೆ. ಹೊಸ ವಾಹನವನ್ನು ಕೊಂಡು ಅದನ್ನು ಕುದುರೆಯಿಂದ ಎಳೆಸುವ ಮುದುಕಿಯೆಂದು ತಮ್ಮ ಕಂಪನಿ ನನ್ನನ್ನು ಭಾವಿಸಿ, ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಗೌರವಿಸಿತಲ್ಲ, ಗಿರಾಕಿಯ ಇಚ್ಛೆಗೆ ಇದಕ್ಕಿಂತ ಹೆಚ್ಚಿನ ಮರ್ಯಾದೆ ಎಲ್ಲಿ ಸಿಕ್ಕೀತು.

ತಾವು ಮೀಟಿಂಗಿನಲ್ಲಿದ್ದ ಆ ಎರಡು ದಿನಗಳಲ್ಲಿ ಬಜಾರಪ್ಪನೇ ಹಿಂದೊಂದು ಹುಕ್ ಬೆಸೆದುಕೊಟ್ಟ. ಹಾಗೆ ಮಾಡಿದರೆ ವಾರಂಟಿ ಹೋಗುತ್ತದೆಂದು ತಿಪ್ಪೇಶ ಗೋಳಾಡಿದ; ಹೋಗಲಿ, ಮದುವೆ ಮುಗಿಸಿಕೊಂಡು ಬರಲಿ ಎಂದೆ. ಮುಂಭಾಗದ ಹುಕ್ಕನ್ನು ಕತ್ತರಿಸಲು ಹೊತ್ತಿರಲಿಲ್ಲ. ಮದುವೆಯ ದಿನ ಬೆಳಗಾಗುತ್ತಲೇ ಬಿಜಲಿಯನ್ನು ಟ್ರೈಲರಿನಲ್ಲಿ ನಿಲ್ಲಿಸಿ, ಬಜಾರಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು, ಸ್ಟೇರಿಂಗ್ ನಾನೇ ಹಿಡಿದೆ. ನಿಜ ಹೇಳಬೇಕು, ಟಾರು ರಸ್ತೆಯುದ್ದಕ್ಕೂ ತಮ್ಮ ವಾಹನ ಬಂಗಾರದಂತೆ ನಡೆಯಿತು. ಉಸಿರುಗಟ್ಟಲಿಲ್ಲ, ಡೀಸೆಲ್ ಮುಳ್ಳು ಅಲುಗಿದ್ದೇ ಕಾಣಲಿಲ್ಲ, ಬಿಜಲಿ ಹಿಂದೆ ನಿಂತಲ್ಲಿಯೇ ತೂಕಡಿಸಿದಳು. ಇಷ್ಟನ್ನು ಹೊಗಳದಿದ್ದರೆ ನನಗೆ ಪಾಪ ತಟ್ಟೀತು.

ತಂಗಿಯ ಊರು ಇನ್ನು ಒಂದು ಕಿಲೋಮೀಟರ್ ಇರುವಾಗ ಒಂದು ಹಳ್ಳ. ಹಿಂದಿನ ದಿನ ಚಂಡಮಾರುತದ ಮಳೆಯಾಗಿತ್ತು. ಹಳ್ಳದ ನಡುವೆ, ಒಂದೇ ವಾಹನ ಹಿಡಿಸುವ ಇರುಕಿನಲ್ಲಿ, ತಮ್ಮ ವಾಹನ ಹೊಟ್ಟೆ ಊರಿ ಕೂತಿತು. ಫೋರ್ ವ್ಹೀಲಿನ ಗುಂಡಿ ಒತ್ತಿದೆ. ನಾಲ್ಕೂ ಚಕ್ರಗಳು ಸ್ವಲ್ಪವೂ ಭೇದಭಾವವಿಲ್ಲದೆ ಒಂದೇ ಸಮನೆ ಗಿರಗಿರ ತಿರುಗಿದವು, ಒಂದೂ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ ವರನ ಬಸ್ಸು ಬಂದು ನಿಂತಿತು. ಮುಹೂರ್ತಕ್ಕೆ ಒಂದು ಗಂಟೆಯೂ ಉಳಿದಿರಲಿಲ್ಲ. ರೇವಣಸಿದ್ದಯ್ಯನವರು ಇಳಿದು ಬಂದು, ನನ್ನನ್ನೂ ವಾಹನವನ್ನೂ ಬಿಜಲಿಯನ್ನೂ ಸಾವಕಾಶವಾಗಿ ನೋಡಿ, ಕುದುರೆ ಬಂದದ್ದು ಹಳ್ಳಕ್ಕೇ ಹೊರತು ಊರಿಗಲ್ಲವೆಂದು ನ್ಯಾಯ ಹೇಳಿದರು.

ಬಿಜಲಿಯನ್ನು ಇಳಿಸಿ ನಡೆಸಿಕೊಂಡು ಹೋಗಬಹುದಿತ್ತು. ಆದರೆ ದಾರಿಗೆ ಅಡ್ಡ ಬಿದ್ದದ್ದು ನನ್ನ ವಾಹನ, ಅದರ ಹಿಂದಿನ ಬಸ್ಸಿನಲ್ಲಿ ವರ, ತಾಳಿ, ಸ್ವಾಮಿಗಳು, ಬೀಗಿತ್ತಿಯರು. ಮುಹೂರ್ತ ತಪ್ಪಿದ್ದರೆ ಆ ಹುಡುಗಿಯ ಕುದುರೆ ಹುಚ್ಚಿನಿಂದಲೇ ತಪ್ಪಿತೆಂದು ಚೇತನಾಳಿಗೆ ಜೀವಮಾನವಿಡೀ ಅನ್ನಿಸಿಕೊಳ್ಳುವುದು ತಪ್ಪುತ್ತಿರಲಿಲ್ಲ. ತಂಗಿಗೆ ಫೋನ್ ಮಾಡಿ ನಾಲ್ಕು ಆಳು ಕಳಿಸೆಂದೆ. ಆಳುಗಳು ಬಂದರು, ಅವರಿಗಿಂತ ಮುಂದೆ ಅರಿಶಿಣದ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡು, ಬಾಸಿಂಗ ಕೈಯಲ್ಲಿ ಹಿಡಿದು, ಮದುಮಗಳೇ ಬಂದಳು.

ಅವಳು ಬಾಸಿಂಗವನ್ನು ನನ್ನ ಕೈಗೆ ಕೊಟ್ಟು, ಬಿಜಲಿಯನ್ನು ಇಳಿಸಿ, ಬಜಾರಪ್ಪನ ಕಂಬಳಿಯನ್ನು ಆಕೆಯ ಎದೆಗೆ ಮಡಿಚಿ ಹಾಕಿ, ಹಗ್ಗ ಬಿಗಿದು, ಇನ್ನೊಂದು ತುದಿಯನ್ನು ಕರ್ನೂಲಿನ ಫಿಟ್ಟರು ಮುಂದೆ ಕೂರಿಸಿದ್ದ ಆ ಹುಕ್ಕಿಗೆ ಕಟ್ಟಿದಳು. ಹಿಂದಿನಿಂದ ಆಳುಗಳೂ, ಪಂಚೆ ಮೇಲೆ ಕಟ್ಟಿ ವರನೂ ನೂಕಿದರು. ಚೇತನಾ ಬಿಜಲಿಯ ಕಿವಿಯಲ್ಲಿ ಏನೋ ಅಂದಳು. ಹಿಂದೊಮ್ಮೆ ಜಟ್ಕಾ ಎಳೆದ ಜೀವ ಅದು, ಮರೆತಿರಲಿಲ್ಲ. ತಲೆ ತಗ್ಗಿಸಿ, ಕಾಲೂರಿ, ಒಂದೇ ಪಟ್ಟಿಗೆ ವಾಹನವನ್ನೂ ಟ್ರೈಲರನ್ನೂ ಒಳಗೆ ಕೂತಿದ್ದ ನನ್ನನ್ನೂ ದಡಕ್ಕೆ ಎಳೆದು ನಿಲ್ಲಿಸಿದಳು. ಬಸ್ಸನ್ನು ಖಾಲಿ ಮಾಡಿ ನೂಕಿ ದಾಟಿಸಿದರು, ಬೀಗರೆಲ್ಲ ಕೆಸರಿಗೆ ಇಳಿದರು. ಚೇತನಾ ಬಾಸಿಂಗ ಕಟ್ಟಿಕೊಂಡು ಅಲ್ಲಿಯೇ ಬಿಜಲಿಯನ್ನೇರಿ, ಮುಂದೆ ಹೋಗದೆ, ವರನ ಅಜ್ಜನ ಕಡೆ ತಿರುಗಿ ನಿಂತಳು. ಎಲ್ಲರೂ ಅವರನ್ನೇ ನೋಡಿದರು. ಅವರು ಬಗ್ಗಿ ಜೋಡು ಕಳಚಿ ಕೈಗೆ ತೆಗೆದುಕೊಂಡು ಹೇಳಿದರು: “ನೀ ಮುಂದ ನಡಿಯವ್ವ. ನಾವು ಹಿಂದ ಬರ್ತೀವಿ.”

ನಾನು ತಮ್ಮ ವಾಹನದ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟೆ. ಹಣೆಯ ಕೆಳಗೆ ಹಾರ್ನ್ ಇತ್ತು. ಅದು ನಿಲ್ಲದೆ ಕೂಗಿದ್ದನ್ನು ಮಂಗಳವಾದ್ಯವೆಂದು ತಿಳಿದು ಊರವರು ಅಕ್ಷತೆ ಹಿಡಿದು ಎದುರಿಗೆ ಬಂದರು.

ಆದ್ದರಿಂದ, ಮಾನ್ಯರೇ, ನನ್ನ ವಿನಂತಿಗಳು ಅಲ್ಪ. ತಮ್ಮ ವಾಹನದಲ್ಲಿ ಎಂಬತ್ತು ಕುದುರೆಗಳ ಶಕ್ತಿಯಿದೆಯೆಂದು ಪುಸ್ತಕದಲ್ಲಿ ಅಚ್ಚಾಗಿದೆ. ಆ ದಿನ ಎಂಬತ್ತೂ ಹಳ್ಳದಲ್ಲಿಯೇ ಇದ್ದವು, ಹೊರಗೆ ಎಳೆದದ್ದು ಎಂಬತ್ತೊಂದನೆಯದು. ದಯವಿಟ್ಟು ಸಂಖ್ಯೆಯನ್ನು ತಿದ್ದಿಸಿ, ಎಂಬತ್ತೊಂದನೆಯದನ್ನು ಪ್ರತಿ ವಾಹನದ ಜೊತೆಗೆ ಜ್ಯಾಕು ಮತ್ತು ಸ್ಪ್ಯಾನರಿನ ಪಕ್ಕದಲ್ಲಿ ಇಟ್ಟುಕೊಡಬೇಕು. ಕರ್ನೂಲಿನ ಫಿಟ್ಟರಿಗೆ ಶಾಲು ಹೊದಿಸಬೇಕು. ಅವರು ಸರಿಯಾಗಿ ಕೆಲಸ ಮಾಡಿದ್ದರೆ ಮದುವೆ ನಿಲ್ಲುತ್ತಿತ್ತು. ತಿಪ್ಪೇಶನಿಗೆ ಶಿಕ್ಷೆ ಬೇಡ. ಭಾನುವಾರ ಹತ್ತು ಗಂಟೆಗೆ ನನ್ನ ಪಡಸಾಲೆಗೆ ಕಳಿಸಿ, ವಿಭಕ್ತಿ ಪ್ರತ್ಯಯಗಳನ್ನು ಇಬ್ಬರೂ ಸೇರಿ ಮೊದಲಿನಿಂದ ಓದುತ್ತೇವೆ. ತಾವೂ ಬರಬಹುದು, ಮೀಟಿಂಗು ಅಲ್ಲಿಯೇ ಮಾಡಿದರಾಯಿತು.

ಆದ ತಪ್ಪಿನಲ್ಲಿ ಒಂದು ‘ಅನ್ನು’ವಿನಷ್ಟು ಪಾಲುಳ್ಳ, ಅಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗುರುಬಸಮ್ಮ

ಬರೆಯಲು ಮರೆತದ್ದು: ನಿನ್ನೆ ಕೋಸಗಿಯಿಂದ ರೇವಣಸಿದ್ದಯ್ಯನವರೇ ಫೋನ್ ಮಾಡಿದ್ದರು. ಮಾಘದಲ್ಲಿ ಅವರ ಮೊಮ್ಮಗಳ ಮದುವೆ. ಆ ಹುಡುಗಿಗೆ ಕುದುರೆ ಕಂಡರೇ ಭಯವಂತೆ. ಏರಲೇಬೇಕೆಂದು ಹಟ ಹಿಡಿದಿರುವವರು ಅಜ್ಜ. ಬಿಜಲಿಯ ಗೊರಸು ಮಾಗಿತೇ, ಏನು ತಿನ್ನುತ್ತಾಳೆ, ಕೋಸಗಿಯ ನೀರು ಒಗ್ಗೀತೇ ಎಂದು ಅರ್ಧ ಗಂಟೆ ವಿಚಾರಿಸಿದರು. ತಮ್ಮ ವಾಹನ ಹೇಗಿದೆಯೆಂದು ಮಾತ್ರ ಕೇಳಲಿಲ್ಲ.